ಸಮಾಲೋಚಕನ ಮೌನ: ಆನುವಂಶಿಕ ಸಮಾಲೋಚನೆಯ ಜಾಗತಿಕ ನೀತಿಯ ಕುರಿತು ಒಂದು ವಿಮರ್ಶೆ

ಗರ್ಭದಲ್ಲಿರುವ ಶಿಶುವಿಗೆ ವಂಶವಾಹಿಯ ದೋಷವಿದೆಯೆಂದು ತಿಳಿದಾಗ ದಂಪತಿಗೆ ವೈದ್ಯರು ಏನನ್ನು ಹೇಳಬೇಕು, ಹೇಗೆ ಹೇಳಬೇಕು, ಎಲ್ಲಿ ಸುಮ್ಮನಿರಬೇಕು? ಈ ಪ್ರಶ್ನೆಯನ್ನು ಹಲವು ದೇಶಗಳ ತಜ್ಞರ ಮುಂದಿಟ್ಟು ಉತ್ತರಗಳನ್ನು ಸಂಗ್ರಹಿಸಿದ ಗ್ರಂಥಗಳಲ್ಲಿ ಡೊರೊಥಿ ವರ್ಟ್ಸ್ ಮತ್ತು ಜಾನ್ ಫ್ಲೆಚರ್ ಅವರ ‘ಜೆನೆಟಿಕ್ಸ್ ಅಂಡ್ ಎಥಿಕ್ಸ್ ಇನ್ ಗ್ಲೋಬಲ್ ಪರ್ಸ್ಪೆಕ್ಟಿವ್’ (2004) ಇಂದಿಗೂ ಮುಖ್ಯವಾದುದು. ಇದೇ ಇಬ್ಬರು 1989ರಲ್ಲಿ 19 ದೇಶಗಳ ಸಮೀಕ್ಷೆಯೊಂದನ್ನು ಪ್ರಕಟಿಸಿದ್ದರು. 1990ರ ದಶಕದ ಮಧ್ಯಭಾಗದಲ್ಲಿ ಅದನ್ನು 36 ದೇಶಗಳಿಗೆ ವಿಸ್ತರಿಸಿ ಸುಮಾರು 2,900 ತಜ್ಞರ ಉತ್ತರಗಳನ್ನು ಪಡೆದರು. ಎರಡು ಸಮೀಕ್ಷೆಗಳಲ್ಲಿಯೂ ಭಾರತ ಸೇರಿದೆ. ವರ್ಟ್ಸ್ ಸಮಾಜಶಾಸ್ತ್ರಜ್ಞೆ. ಫ್ಲೆಚರ್ ಎಪಿಸ್ಕೋಪಲ್ ಸಭೆಯಲ್ಲಿ ಯಾಜಕದೀಕ್ಷೆ ಪಡೆದು, ಮುಂದೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜೈವನೀತಿಶಾಸ್ತ್ರದ ಹೊಣೆ ಹೊತ್ತವರು. ‘ಸನ್ನಿವೇಶ ನೀತಿ’ಯನ್ನು ಪ್ರತಿಪಾದಿಸಿದ ಜೋಸೆಫ್ ಫ್ಲೆಚರ್ ಬೇರೆ ವ್ಯಕ್ತಿ; ವಿದ್ಯಾರ್ಥಿಗಳು ಇವರಿಬ್ಬರನ್ನು ಒಬ್ಬರೆಂದು ಭ್ರಮಿಸಬಾರದು.

ಸಮೀಕ್ಷೆಯ ಮುಖ್ಯ ಶೋಧನೆಯನ್ನು ಒಂದೆರಡು ಮಾತಿನಲ್ಲಿ ಹೇಳಬಹುದು. ದಂಪತಿಗೆ ಮಾಹಿತಿಯನ್ನಷ್ಟೇ ನೀಡಿ, ನಿರ್ಧಾರವನ್ನು ಪೂರ್ಣವಾಗಿ ಅವರಿಗೇ ಬಿಡಬೇಕೆಂಬ ‘ನಿರ್ದೇಶನರಹಿತ’ ಸಮಾಲೋಚನೆಯನ್ನು ಆ ವೃತ್ತಿಯ ಪಠ್ಯಗಳು ಸರ್ವಸಮ್ಮತ ನಿಯಮವೆಂಬಂತೆ ಬೋಧಿಸುತ್ತವೆ. ವಾಸ್ತವದಲ್ಲಿ ಅದು ಇಂಗ್ಲಿಷ್ ಮಾತನಾಡುವ ದೇಶಗಳ ರೂಢಿ ಮಾತ್ರ. ಜಗತ್ತಿನ ಉಳಿದ ಭಾಗಕ್ಕೆ ಹೋಲಿಸಿದರೆ ಅದೇ ಅಪವಾದ. ಏಷ್ಯ ಮತ್ತು ಪೂರ್ವ ಯುರೋಪಿನ ಅನೇಕ ದೇಶಗಳಲ್ಲಿ ತಜ್ಞರು ಮಾಹಿತಿಯನ್ನೇ ಕತ್ತಲೆಯ ಕಡೆಗೆ ವಾಲಿಸಿ ನೀಡುತ್ತಾರೆ. ‘ಗರ್ಭಪಾತ ಮಾಡಿಸಿಕೊಳ್ಳಿ’ ಎಂದು ಬಾಯಿಬಿಟ್ಟು ಹೇಳದೆ, ದಂಪತಿ ಆ ತೀರ್ಮಾನಕ್ಕೇ ಬರುವಂತೆ ಮಾತನ್ನು ಹೊಂದಿಸುತ್ತಾರೆ. ಸರ್ಕಾರದ ಬಲವಂತವನ್ನು ಬಹುತೇಕ ತಜ್ಞರು ಒಪ್ಪುವುದಿಲ್ಲ; ಆದರೆ ಅಂಗವೈಕಲ್ಯವುಳ್ಳ ಬದುಕಿನ ಬಗ್ಗೆ ಅವರ ಧೋರಣೆ ನಿರಾಶಾದಾಯಕ. ಸುಜನನವಾದ ರಾಜ್ಯದ ಕೈಯಿಂದ ಬಿಡುಗಡೆ ಹೊಂದಿ ವ್ಯಕ್ತಿಗಳ ಆಯ್ಕೆಯೊಳಗೆ ನೆಲೆಸಿದೆ ಎಂಬುದು ವರ್ಟ್ಸ್ ಅವರ ತೀರ್ಪು.

ಈ ತೀರ್ಪನ್ನು ಧರ್ಮಸಭೆ ಗಂಭೀರವಾಗಿ ಪರಿಗಣಿಸಬೇಕು. ಆದರೆ ಈ ರೋಗಕ್ಕೆ ನಿರ್ದೇಶನರಹಿತ ಸಮಾಲೋಚನೆಯೇ ಮದ್ದು ಎಂದು ಭಾವಿಸುವವರ ನಿಲುವನ್ನು ನಾವು ಹಾಗೆಯೇ ಒಪ್ಪಬಹುದೇ? ಒಪ್ಪಲಾಗದು ಎಂಬುದು ಈ ಲೇಖನದ ವಾದ. ಅದಕ್ಕೆ ಮೂರು ಕಾರಣಗಳನ್ನು ಹೇಳಿ, ನಮ್ಮ ಪರಂಪರೆಯಲ್ಲಿ ‘ಸಮಾಲೋಚನೆ’ ಎಂಬುದಕ್ಕೆ ಇರುವ ಅರ್ಥವನ್ನು ಕೊನೆಯಲ್ಲಿ ಪರಿಶೀಲಿಸಲಾಗಿದೆ.

1. ಮೌನದ ಮೂಲ

ಮೊದಲು ಆ ನಿಯಮಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಬೇಕು. ಈ ವೃತ್ತಿಗೆ ‘ಜೆನೆಟಿಕ್ ಕೌನ್ಸೆಲಿಂಗ್’ ಎಂಬ ಹೆಸರನ್ನು 1947ರಲ್ಲಿ ಕೊಟ್ಟವರು ಅಮೆರಿಕದ ಮಿನೆಸೋಟದ ಡೈಟ್ ಸಂಸ್ಥೆಯ ಶೆಲ್ಡನ್ ರೀಡ್. ಆ ಸಂಸ್ಥೆ ಸುಜನನವಾದಿಯಾಗಿದ್ದ ಚಾರ್ಲ್ಸ್ ಡೈಟ್ ಎಂಬವರ ಆಸ್ತಿಯಿಂದ ಸ್ಥಾಪಿತವಾದದ್ದು. ಬೀಜವನ್ನು ಶುದ್ಧೀಕರಿಸುವ ಕನಸಿನ ಹಣದಿಂದ ನಿಂತ ಮನೆಯಲ್ಲಿ ಕುಳಿತು, ಸಂಕಟದಲ್ಲಿರುವ ಕುಟುಂಬಕ್ಕೆ ನೆರವಾಗುವ ಕೆಲಸಕ್ಕೆ ರೀಡ್ ಹೊಸ ಹೆಸರನ್ನು ಹುಡುಕಿದರು. ಅಷ್ಟು ಹೊತ್ತಿಗೆ ಹಳೆಯ ಹೆಸರು ಕಳಂಕಿತವಾಗಿತ್ತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1927ರಲ್ಲಿ ಬಲವಂತದ ಸಂತಾನಶಕ್ತಿಹರಣವನ್ನು ಎತ್ತಿಹಿಡಿದಿತ್ತು. ಜರ್ಮನಿಯ ನಾತ್ಸಿ ಸರ್ಕಾರ 1933ರ ಜುಲೈಯಲ್ಲಿ ಅದನ್ನೇ ದೇಶದ ಕಾನೂನಾಗಿಸಿತು; ಕೆಲವೇ ವರ್ಷಗಳಲ್ಲಿ ಅಂಗವಿಕಲರ ಹತ್ಯೆಗೆ ಕೈಹಾಕಿತು. ಹನ್ನೊಂದನೆಯ ಭಕ್ತಿನಾಥರು 1930ರ ‘ಕಾಸ್ತಿ ಕೊನ್ನೂಬಿಯಿ’ ವಿಶ್ವಪತ್ರದಲ್ಲಿ ಇಂಥ ಕಾನೂನುಗಳನ್ನು ಖಂಡಿಸಿದ್ದರು. 1941ರ ಆಗಸ್ಟ್‌ನಲ್ಲಿ ಮ್ಯೂನ್‌ಸ್ಟರ್‌ನ ಧರ್ಮಾಧ್ಯಕ್ಷ ಫಾನ್ ಗಾಲೆನ್ ಪ್ರಬೋಧನಾ ಪೀಠದಿಂದಲೇ ಹತ್ಯೆಗಳನ್ನು ಬಯಲಿಗೆಳೆದರು. ಈ ಸಾಕ್ಷ್ಯ ನಮ್ಮದೆಂದು ಹೇಳಿಕೊಳ್ಳುವಾಗ, 1920ರ ದಶಕದಲ್ಲಿ ಅಮೆರಿಕದ ಸುಜನನ ಸಂಘ ಏರ್ಪಡಿಸಿದ ಪ್ರಬೋಧನೆಗಳ ಸ್ಪರ್ಧೆಗೆ ಕ್ರೈಸ್ತ ಬೋಧಕರು ಉತ್ಸಾಹದಿಂದ ಪ್ರಬೋಧನೆಗಳನ್ನು ಬರೆದು ಕಳಿಸಿದ್ದೂ ನಮ್ಮ ನೆನಪಿನಲ್ಲಿರಬೇಕು.

ವೈದ್ಯನ ಮಾತು ರಾಜ್ಯದ ಮಾತಾಗಿ, ರಾಜ್ಯದ ಮಾತು ಕತ್ತಿಯಾದ ಆ ಕಾಲದ ನಂತರ, ‘ನಾನು ಏನು ಮಾಡಬೇಕೆಂದು ಹೇಳುವುದಿಲ್ಲ’ ಎಂಬುದು ಒಂದು ಪಶ್ಚಾತ್ತಾಪದ ವಾಕ್ಯವಾಗಿತ್ತು. 1969ರಲ್ಲಿ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ವೈದ್ಯರಲ್ಲದ ಸಮಾಲೋಚಕರಿಗಾಗಿ ಮೊದಲ ಸ್ನಾತಕೋತ್ತರ ಶಿಕ್ಷಣ ಆರಂಭವಾದಾಗ ಆ ವಾಕ್ಯ ವೃತ್ತಿಧರ್ಮವಾಗಿ ಬೆಳೆಯಿತು. ಅದು ಬೆಳೆಯದ ಕಡೆ ಏನಾಯಿತೆಂಬುದಕ್ಕೂ ಸಾಕ್ಷ್ಯಗಳಿವೆ. ಜಪಾನಿನ ಸುಜನನ ಸಂರಕ್ಷಣಾ ಕಾನೂನು 1948ರಿಂದ 1996ರವರೆಗೆ ಜಾರಿಯಲ್ಲಿತ್ತು. ಅದು ಸಂವಿಧಾನಬಾಹಿರವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2024ರ ಜುಲೈಯಲ್ಲಿ. ಚೀನಾದ 1994ರ ತಾಯಿ-ಶಿಶು ಆರೋಗ್ಯ ಕಾನೂನು, ಗಂಭೀರ ಆನುವಂಶಿಕ ರೋಗವುಳ್ಳವರು ದೀರ್ಘಾವಧಿಯ ಗರ್ಭನಿರೋಧಕ್ಕೆ ಅಥವಾ ಶಸ್ತ್ರಕ್ರಿಯೆಗೆ ಒಪ್ಪಿದರೆ ಮಾತ್ರ ವಿವಾಹವಾಗಬಹುದೆಂದು ವಿಧಿಸಿತ್ತು. ಅದರ ವಿರುದ್ಧ ಅನೇಕ ವಿಜ್ಞಾನಿಗಳು 1998ರ ಬೀಜಿಂಗ್ ತಳಿವಿಜ್ಞಾನ ಸಮ್ಮೇಳನಕ್ಕೆ ಹೋಗಲಿಲ್ಲ. ವಿವಾಹಪೂರ್ವ ಕಡ್ಡಾಯ ತಪಾಸಣೆ ಸಡಿಲವಾದದ್ದು 2003ರಲ್ಲಿ. ಆದುದರಿಂದ ನಿರ್ದೇಶನರಹಿತ ನಿಯಮವನ್ನು ಪಾಶ್ಚಾತ್ಯ ವ್ಯಕ್ತಿವಾದದ ಒಂದು ಖಯಾಲಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಅದು ಬಲಿಯಾದವರ ನೆನಪಿನಿಂದ ಹುಟ್ಟಿದ್ದು.

2. ಮೌನವೂ ಮಾತನಾಡುತ್ತದೆ

ಮೊದಲನೆಯ ಕೊರತೆ ಇದು: ಸಮಾಲೋಚಕ ಸುಮ್ಮನಿದ್ದಾಗ ಅವನ ಸುತ್ತಲಿನ ವ್ಯವಸ್ಥೆ ಸುಮ್ಮನಿರುವುದಿಲ್ಲ. ಡೆನ್ಮಾರ್ಕಿನ ಉದಾಹರಣೆ ಸ್ಪಷ್ಟವಾಗಿದೆ. ಅಲ್ಲಿಯ ಆರೋಗ್ಯ ಇಲಾಖೆ 2004ರಲ್ಲಿ ಪ್ರಸವಪೂರ್ವ ಪರೀಕ್ಷೆಯ ಮಾರ್ಗಸೂಚಿಯನ್ನು ಬದಲಿಸಿತು. ರೋಗ ತಡೆಗಟ್ಟುವಿಕೆ ಎಂಬ ಹಳೆಯ ಗುರಿಯನ್ನು ಕೈಬಿಟ್ಟು, ಸ್ತ್ರೀಯ ತಿಳಿವಳಿಕೆಯುಳ್ಳ ಸ್ವನಿರ್ಧಾರವೇ ಗುರಿ ಎಂದು ಸಾರಿತು. ಅದರೊಡನೆ ಡೌನ್ ಸಿಂಡ್ರೋಮ್ ಪತ್ತೆಯ ಪರೀಕ್ಷೆಯನ್ನು ಎಲ್ಲ ಗರ್ಭಿಣಿಯರಿಗೂ ಒದಗಿಸಿತು. ಅದಕ್ಕೆ ಮುಂಚೆ ವರ್ಷಕ್ಕೆ 55ರಿಂದ 65ರಷ್ಟು ಡೌನ್ ಶಿಶುಗಳು ಹುಟ್ಟುತ್ತಿದ್ದವು. 2005ರಲ್ಲಿ 31, 2006ರಲ್ಲಿ 32 ಹುಟ್ಟಿದವು. ತಡೆಗಟ್ಟುವುದು ಗುರಿಯಲ್ಲ ಎಂದು ಹೇಳಿದ ಮೇಲೆಯೇ ತಡೆಗಟ್ಟುವಿಕೆ ಪೂರ್ಣ ಯಶಸ್ಸಿನತ್ತ ಸಾಗಿತು. ಯಾವ ಸಮಾಲೋಚಕನೂ ಯಾರನ್ನೂ ಒತ್ತಾಯಿಸಿರಲಿಕ್ಕಿಲ್ಲ. ಪರೀಕ್ಷೆಯನ್ನು ಎಲ್ಲರ ಮುಂದಿಡುವುದೇ, ‘ಇದು ತಿಳಿದುಕೊಂಡು ಏನಾದರೂ ಮಾಡಬೇಕಾದ ವಿಷಯ’ ಎಂಬ ಸೂಚನೆಯಾಗುತ್ತದೆ. ಬಾರ್ಬರಾ ಕ್ಯಾಟ್ಸ್ ರಾಥ್‌ಮನ್ 1986ರಲ್ಲಿಯೇ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ, ಫಲಿತಾಂಶ ಬರುವವರೆಗೆ ತಾಯಂದಿರು ತಮ್ಮ ಬಸಿರನ್ನು ತಾತ್ಕಾಲಿಕವೆಂಬಂತೆ ಕಾಣತೊಡಗುವುದನ್ನು ಗುರುತಿಸಿದ್ದರು.

ಸಂಖ್ಯೆಗಳ ವಿಷಯದಲ್ಲಿಯೂ ತಟಸ್ಥತೆ ಅಷ್ಟು ಸುಲಭವಲ್ಲ. ನಮ್ಮ ಧರ್ಮಕೇಂದ್ರಗಳಿಗೆ ಹತ್ತಿರದ ದೃಷ್ಟಾಂತವನ್ನೇ ನೋಡೋಣ. ಸಾಮಾನ್ಯವಾಗಿ ಹುಟ್ಟುವ ನೂರು ಶಿಶುಗಳಲ್ಲಿ ಎರಡು ಮೂರಕ್ಕೆ ಜನ್ಮಜಾತ ದೋಷವಿರುತ್ತದೆ. ಅಣ್ಣ-ತಂಗಿಯರ ಮಕ್ಕಳು ಪರಸ್ಪರ ವಿವಾಹವಾದರೆ ಅದಕ್ಕೆ ಇನ್ನೂ ಎರಡು ಮೂರು ಸೇರುತ್ತದೆ. ಇದನ್ನು ‘ಅಪಾಯ ಎರಡರಷ್ಟಾಗುತ್ತದೆ’ ಎಂದೂ ಹೇಳಬಹುದು. ‘ನೂರರಲ್ಲಿ ತೊಂಬತ್ತನಾಲ್ಕಕ್ಕೂ ಹೆಚ್ಚು ಶಿಶುಗಳು ಈ ದೋಷಗಳಿಲ್ಲದೆ ಹುಟ್ಟುತ್ತವೆ’ ಎಂದೂ ಹೇಳಬಹುದು. ಎರಡೂ ಸತ್ಯ. ಯಾವುದನ್ನು ಮೊದಲು ಹೇಳಬೇಕೆಂಬುದನ್ನು ಗಣಿತ ತೀರ್ಮಾನಿಸುವುದಿಲ್ಲ. ಹೇಳುವವನ ಹೃದಯ ತೀರ್ಮಾನಿಸುತ್ತದೆ. ಮಾಹಿತಿಯನ್ನು ನಿರಾಶೆಯತ್ತ ವಾಲಿಸುವವರನ್ನು ವರ್ಟ್ಸ್ ಮತ್ತು ಫ್ಲೆಚರ್ ಗುರುತಿಸಿದ್ದು ಸರಿ. ಆದರೆ ಅತ್ತಿತ್ತ ವಾಲದ ಮಾತು ಎಂಬುದೊಂದಿದೆ, ಅದು ಸುಲಭಸಾಧ್ಯ ಎಂಬ ಭಾವನೆಯನ್ನು ಅವರ ಪ್ರಶ್ನಾವಳಿಯೇ ಬೆಳೆಸುತ್ತದೆ. ಅದಲ್ಲದೆ, ತಜ್ಞರು ತಾವು ಹೀಗೆ ಹೇಳುತ್ತೇವೆಂದು ಕಾಗದದ ಮೇಲೆ ಗುರುತುಹಾಕಿದ್ದಕ್ಕೂ, ಅಳುತ್ತಿರುವ ತಾಯಿಯ ಮುಂದೆ ನಿಜವಾಗಿ ಹೇಳಿದ್ದಕ್ಕೂ ಇರುವ ಅಂತರವನ್ನು ಯಾವ ಪ್ರಶ್ನಾವಳಿಯೂ ಅಳೆಯಲಾರದು.

1987ರ ‘ದೋನುಮ್ ವೀತೇ’ ಬೋಧನಾಪತ್ರ ಈ ಸೂಕ್ಷ್ಮವನ್ನು ಗ್ರಹಿಸಿದೆ. ಪ್ರಸವಪೂರ್ವ ಪರೀಕ್ಷೆ ಸ್ವತಃ ದೋಷವಲ್ಲ. ಶಿಶುವಿನ ರಕ್ಷಣೆಗೋ ಚಿಕಿತ್ಸೆಗೋ ನಡೆದಾಗ ಅದು ಯೋಗ್ಯವೇ. ಆದರೆ ಫಲಿತಾಂಶವನ್ನು ತಿಳಿಸುವ ರೀತಿಯಿಂದಲೇ ಪರೀಕ್ಷೆಗೂ ಗರ್ಭಪಾತಕ್ಕೂ ಉದ್ದೇಶಪೂರ್ವಕವಾಗಿ ಕೊಂಡಿ ಹಾಕುವ ತಜ್ಞನೂ, ಅಂಥ ಕೊಂಡಿಯನ್ನು ಬೆಳೆಸುವ ಸರ್ಕಾರಿ ಯೋಜನೆಯೂ ತಪ್ಪಿತಸ್ಥರೆಂದು ಅದು ಬೋಧಿಸುತ್ತದೆ. ಅಂದರೆ ವ್ಯಕ್ತಿಯ ಬಾಯಿಮಾತನ್ನು ಮಾತ್ರವಲ್ಲ, ವ್ಯವಸ್ಥೆಯ ಮೂಕಮಾತನ್ನೂ ಅದು ವಿಚಾರಣೆಗೆ ಒಳಪಡಿಸುತ್ತದೆ.

3. ಒಂಟಿ ವ್ಯಕ್ತಿ ಎಂಬ ಕಲ್ಪನೆ

ಎರಡನೆಯ ಕೊರತೆ, ಸಮಾಲೋಚನೆಗೆ ಬರುವವನನ್ನು ಒಂಟಿಯಾಗಿ ಆರಿಸಿಕೊಳ್ಳುವ ವ್ಯಕ್ತಿಯೆಂದು ಕಾಣುವುದು. ವಂಶವಾಹಿಯ ಮಾಹಿತಿ ಸ್ವಭಾವತಃ ಒಬ್ಬನದಲ್ಲ. ಇಂಗ್ಲೆಂಡಿನಲ್ಲಿ ತಂದೆಯೊಬ್ಬರಿಗೆ ಹಂಟಿಂಗ್ಟನ್ ರೋಗವಿರುವುದು ಪತ್ತೆಯಾಯಿತು. ಅದು ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಮಗಳು ಆಗ ಬಸುರಿ. ಅವಳಿಗೆ ತಿಳಿಸಬಾರದೆಂದು ತಂದೆ ಹಟಹಿಡಿದರು; ವೈದ್ಯರು ಗೌಪ್ಯವನ್ನು ಕಾಪಾಡಿದರು. ಹೆರಿಗೆಯ ನಂತರ ವಿಷಯ ತಿಳಿದ ಮಗಳು ನ್ಯಾಯಾಲಯಕ್ಕೆ ಹೋದಳು. 2020ರ ತೀರ್ಪಿನಲ್ಲಿ ಅವಳಿಗೆ ಪರಿಹಾರ ದೊರೆಯಲಿಲ್ಲ. ಆದರೆ ರೋಗಿಯ ಗೌಪ್ಯವನ್ನೂ ಅಪಾಯದಲ್ಲಿರುವ ಬಂಧುವಿನ ಹಿತವನ್ನೂ ತೂಗಿನೋಡುವ ಕರ್ತವ್ಯ ವೈದ್ಯರಿಗಿದೆಯೆಂದು ನ್ಯಾಯಾಲಯ ಒಪ್ಪಿತು. ಪಾಪನಿವೇದನೆಯ ಗೌಪ್ಯಮುದ್ರೆಗೆ ಒಗ್ಗಿದ ನಾವು ಇಲ್ಲಿ ಎಚ್ಚರದಿಂದಿರಬೇಕು. ಸಂಸ್ಕಾರದ ಗೌಪ್ಯ ನಿರಪೇಕ್ಷವಾದುದು. ವೃತ್ತಿಯ ಗೌಪ್ಯ ಗಂಭೀರವಾದುದಾದರೂ ನಿರಪೇಕ್ಷವಲ್ಲ. ಇವೆರಡನ್ನೂ ಒಂದಾಗಿಸುವ ಸಲಹೆಗಾರ ಯಾಜಕ ಕುಟುಂಬಕ್ಕೆ ಹಾನಿಮಾಡಬಹುದು.

ಗ್ರೀಸಿನ ಒರ್ಕೊಮೆನೊಸ್ ಎಂಬ ಊರಿನ ಅನುಭವ ನಿಶ್ಚಿತ ವಿವಾಹಗಳ ನಾಡಿನವರಾದ ನಮಗೆ ಇನ್ನೂ ಹೆಚ್ಚು ಹೇಳುತ್ತದೆ. 1960ರ ದಶಕದಲ್ಲಿ ಅಲ್ಲಿ ಸಿಕಲ್ ಸೆಲ್ ರಕ್ತಹೀನತೆಯ ವಾಹಕರನ್ನು ಪತ್ತೆಹಚ್ಚಿ ಮಾಹಿತಿ ನೀಡಲಾಯಿತು. ಇಬ್ಬರು ವಾಹಕರು ವಿವಾಹವಾಗದಂತೆ ಜನರೇ ಎಚ್ಚರ ವಹಿಸುತ್ತಾರೆಂಬುದು ನಿರೀಕ್ಷೆ. ಏಳು ವರ್ಷಗಳ ನಂತರ ನೋಡಿದಾಗ ವಾಹಕರ ನಡುವಣ ವಿವಾಹಗಳು ಕಡಿಮೆಯಾಗಿರಲಿಲ್ಲ. ವಾಹಕನೆಂಬ ಹಣೆಪಟ್ಟಿ ಕಳಂಕವಾಗಿ, ಕುಟುಂಬಗಳು ಅದನ್ನು ಮುಚ್ಚಿಡತೊಡಗಿದ್ದವು. ಮಾಹಿತಿ ತಲುಪಿತು, ಬಿಡುಗಡೆ ತಲುಪಲಿಲ್ಲ.

ಈ ಕಷ್ಟಕ್ಕೆ ಧಾರ್ಮಿಕ ಸಮುದಾಯಗಳು ತಮ್ಮದೇ ಉತ್ತರಗಳನ್ನು ಹುಡುಕಿದವು. ಟೇ-ಸ್ಯಾಕ್ಸ್ ರೋಗಕ್ಕೆ ತಮ್ಮ ನಾಲ್ಕು ಮಕ್ಕಳನ್ನು ಕಳೆದುಕೊಂಡ ರಬ್ಬಿ ಯೋಸೆಫ್ ಎಕ್‌ಸ್ಟೀನ್ 1983ರಲ್ಲಿ ನ್ಯೂಯಾರ್ಕಿನಲ್ಲಿ ‘ದೋರ್ ಯೆಶೋರಿಮ್’ ಆರಂಭಿಸಿದರು. ಅಲ್ಲಿ ಪರೀಕ್ಷೆಗೊಳಗಾದವರಿಗೆ ಒಂದು ಸಂಖ್ಯೆ ಮಾತ್ರ ದೊರೆಯುತ್ತದೆ. ಅವರ ಸ್ವಂತ ಫಲಿತಾಂಶ ಅವರಿಗೇ ತಿಳಿಯುವುದಿಲ್ಲ. ವಿವಾಹದ ಪ್ರಸ್ತಾಪ ಬಂದಾಗ ಎರಡು ಸಂಖ್ಯೆಗಳು ಹೊಂದುತ್ತವೆಯೇ ಇಲ್ಲವೇ ಎಂಬುದನ್ನಷ್ಟೇ ಹೇಳುತ್ತಾರೆ. ನಿರ್ದೇಶನರಹಿತ ನೀತಿಯ ಮಾನದಂಡದಿಂದ ನೋಡಿದರೆ ಇದು ವ್ಯಕ್ತಿಯ ತಿಳಿಯುವ ಹಕ್ಕಿನ ನಿರಾಕರಣೆ. ಕಳಂಕದ ಮಾನದಂಡದಿಂದ ನೋಡಿದರೆ ಒರ್ಕೊಮೆನೊಸ್ ಕಾಣದಿದ್ದ ವಿವೇಕ. ಗರ್ಭಪಾತದ ಪ್ರಶ್ನೆ ಏಳುವುದಕ್ಕೆ ಮುಂಚೆಯೇ ಅದು ದಾರಿ ತೋರುತ್ತದೆ ಎಂಬುದೂ ಗಮನಾರ್ಹ.

ಸೈಪ್ರಸ್ ದ್ವೀಪದ್ದು ಹೆಚ್ಚು ಜಟಿಲ ಪ್ರಸಂಗ. ಅಲ್ಲಿ ಏಳು ಜನರಲ್ಲಿ ಒಬ್ಬರು ಥಲಸ್ಸೇಮಿಯಾ ವಾಹಕರು. 1970ರ ದಶಕದಲ್ಲಿ ರೋಗಿಗಳ ಆಯುಷ್ಯ ಹೆಚ್ಚಿದಂತೆ, ದ್ವೀಪದ ರಕ್ತದಾನವೂ ಆರೋಗ್ಯ ಬಜೆಟ್ಟೂ ಚಿಕಿತ್ಸೆಗೆ ಸಾಲದಾಗುವ ಭಯ ಹುಟ್ಟಿತು. ಗರ್ಭಪಾತವನ್ನು ವಿರೋಧಿಸುವ ಅಲ್ಲಿಯ ಆರ್ಥೊಡಾಕ್ಸ್ ಧರ್ಮಸಭೆ 1983ರಿಂದ, ಮದುವೆಯಾಗುವವರು ಪರೀಕ್ಷೆಗೂ ಸಮಾಲೋಚನೆಗೂ ಒಳಗಾದ ಪ್ರಮಾಣಪತ್ರವನ್ನು ತರಬೇಕೆಂದು ವಿಧಿಸಿತು. ಫಲಿತಾಂಶ ಏನೇ ಇದ್ದರೂ ವಿವಾಹಕ್ಕೆ ತಡೆಯಿಲ್ಲ. ತಿಳಿದು ಮದುವೆಯಾಗಿರಿ ಎಂಬುದಷ್ಟೇ ನಿಯಮ. ಆದರೆ ಇಬ್ಬರೂ ವಾಹಕರಾದ ಜೋಡಿಗಳಲ್ಲಿ ಬಹುಪಾಲು ಬೇರ್ಪಡಲಿಲ್ಲ. ಮದುವೆಯಾಗಿ, ಪ್ರಸವಪೂರ್ವ ಪರೀಕ್ಷೆಯ ಮೊರೆಹೋದರು. ರೋಗದೊಂದಿಗೆ ಹುಟ್ಟುವ ಮಕ್ಕಳ ಸಂಖ್ಯೆ ಶೂನ್ಯದ ಸಮೀಪಕ್ಕೆ ಇಳಿಯಿತು.

ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ತಮ್ಮ ‘ಹೆರೆಡಿಟಿ ಅಂಡ್ ಹೋಪ್’ (2008) ಗ್ರಂಥದಲ್ಲಿ ಈ ಪ್ರಸಂಗವನ್ನು ಆನುವಂಶಿಕ ತಪಾಸಣೆಯ ಪರವಾದ ಮುಖ್ಯ ಸಾಕ್ಷ್ಯವಾಗಿ ಬಳಸುತ್ತಾರೆ. ತಪಾಸಣೆಯ ಮೂಲ ಸುಜನನವಾದವಲ್ಲ, ಮಕ್ಕಳನ್ನು ಬಯಸುವ ತಂದೆತಾಯಿಗಳ ಹಂಬಲ ಎಂಬುದು ಅವರ ವಾದ. ಅದರಲ್ಲಿ ತಥ್ಯವಿದೆ. ಒಂದು ಮಗುವಿನ ಸಂಕಟವನ್ನು ಕಂಡು ಇನ್ನೊಂದು ಮಗುವನ್ನು ಹೆರಲು ಹೆದರಿದ್ದ ತಾಯಂದಿರಿಗೆ ಪರೀಕ್ಷೆ ಧೈರ್ಯ ಕೊಟ್ಟಿತೆಂಬುದನ್ನು ನಾವು ಅಲ್ಲಗಳೆಯಬಾರದು. ಆದರೆ ಹಂಬಲ ಶುದ್ಧವಾಗಿದ್ದ ಮಾತ್ರಕ್ಕೆ ಸಾಧನ ಶುದ್ಧವಾಗುವುದಿಲ್ಲವೆಂಬುದು ನೀತಿಶಾಸ್ತ್ರದ ಮೊದಲ ಪಾಠ. ಒಂದು ಮಗುವಿಗೆ ಸ್ವಾಗತ ಕೋರಲು ಇನ್ನೊಂದನ್ನು ಹೊರಹಾಕಬೇಕಾದರೆ, ಆ ಸ್ವಾಗತದಲ್ಲಿಯೇ ಷರತ್ತು ಸೇರಿಕೊಳ್ಳುತ್ತದೆ. ಧರ್ಮಸಭೆಯ ಪಾಲಿಗೂ ಸೈಪ್ರಸ್ ಒಂದು ಪ್ರಶ್ನೆಯನ್ನು ಉಳಿಸುತ್ತದೆ: ಪ್ರಮಾಣಪತ್ರವನ್ನು ಕೇಳುವ ಸಭೆ, ಪ್ರಮಾಣಪತ್ರ ಬಂದ ನಂತರದ ಹಾದಿಯಲ್ಲಿ ದಂಪತಿಯ ಜೊತೆ ನಡೆಯಲು ಸಿದ್ಧವಾಗಿರದಿದ್ದರೆ, ಅವರನ್ನು ಆಸ್ಪತ್ರೆಯ ಬಾಗಿಲಿಗೆ ಕರೆದೊಯ್ದು ಅಲ್ಲಿ ಬಿಟ್ಟು ಬಂದಂತಾಗುವುದಿಲ್ಲವೇ?

4. ಒಳಿತಿನ ಅಳತೆ ಎಲ್ಲಿ?

ಮೂರನೆಯ ಕೊರತೆ ಎಲ್ಲಕ್ಕಿಂತ ಗಂಭೀರವಾದುದು. ಸ್ವನಿರ್ಧಾರವನ್ನೇ ಪರಮ ಮೌಲ್ಯವಾಗಿಸಿದ ನೀತಿಗೆ, ಕೋರಿಕೆಯನ್ನು ನಿರಾಕರಿಸಲು ಆಧಾರವೇ ಉಳಿಯುವುದಿಲ್ಲ. ಈ ಸಮೀಕ್ಷೆಗಳ ಒಂದು ಪ್ರಶ್ನೆ ಹೆಣ್ಣುಮಕ್ಕಳನ್ನು ಮಾತ್ರ ಹೆತ್ತ ದಂಪತಿಯದು: ಗಂಡು ಬೇಕೆಂದು ಅವರು ಭ್ರೂಣದ ಲಿಂಗವನ್ನು ತಿಳಿಯಬಯಸುತ್ತಾರೆ, ಹೆಣ್ಣಾದರೆ ಗರ್ಭಪಾತ ಮಾಡಿಸಿಕೊಳ್ಳುವುದಾಗಿ ಹೇಳುತ್ತಾರೆ. ಭಾರತದ ಅನೇಕ ತಜ್ಞರು ಇದಕ್ಕೆ ಸಹಕರಿಸುವುದಾಗಿ ಉತ್ತರಿಸಿದ್ದು ನಮಗೆ ನಾಚಿಕೆಯ ವಿಷಯ. ಅಮೆರಿಕದ ಗಣನೀಯ ಸಂಖ್ಯೆಯ ತಜ್ಞರೂ ತಾವೇ ಮಾಡುವುದಾಗಿಯೋ ಬೇರೆಯವರ ಬಳಿಗೆ ಕಳುಹಿಸುವುದಾಗಿಯೋ ಹೇಳಿದರು. ನಮ್ಮವರು ಸಮಾಜದ ಹೆಸರಿನಲ್ಲಿ, ಅವರು ಸ್ವಾತಂತ್ರ್ಯದ ಹೆಸರಿನಲ್ಲಿ. ಹೆಣ್ಣುಶಿಶುವಿನ ಪಾಲಿಗೆ ಎರಡರ ಅಂತ್ಯವೂ ಒಂದೇ.

ಇಲ್ಲಿ ಭಾರತದ ಕಾನೂನು ಜಗತ್ತಿಗೆ ಒಂದು ಪಾಠವನ್ನು ಕಲಿಸಿದೆ. 1994ರಲ್ಲಿ ಅಂಗೀಕೃತವಾಗಿ 2003ರಲ್ಲಿ ಬಿಗಿಗೊಂಡ ಲಿಂಗಪತ್ತೆ ನಿಷೇಧ ಕಾಯಿದೆಯಡಿ ಆನುವಂಶಿಕ ಸಮಾಲೋಚನಾ ಕೇಂದ್ರಗಳೂ ನೋಂದಾಯಿತವಾಗಬೇಕು. ಭ್ರೂಣದ ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಇನ್ನಾವುದೇ ರೀತಿಯಿಂದಾಗಲಿ ಯಾರಿಗೂ ತಿಳಿಸಕೂಡದು. ಹಳ್ಳಿಯ ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲೂ ಈ ಫಲಕವನ್ನು ಕಾಣುತ್ತೇವೆ. ಈ ನಿಷೇಧದ ತರ್ಕವೇನು? ಕೊಲ್ಲುವುದಕ್ಕಾಗಿ ಕೇಳಲಾದ ಸತ್ಯಾಂಶ ತಟಸ್ಥ ಮಾಹಿತಿಯಲ್ಲ; ಅದನ್ನು ಒದಗಿಸುವವನು ಕೃತ್ಯದಲ್ಲಿ ಪಾಲುಗಾರ. ಸಹಕಾರದ ಬಗ್ಗೆ ನಮ್ಮ ನೀತಿಶಾಸ್ತ್ರ ಶತಮಾನಗಳಿಂದ ಹೇಳುತ್ತಿರುವುದನ್ನು ಲೋಕಸಭೆ ತನ್ನದೇ ಭಾಷೆಯಲ್ಲಿ ಹೇಳಿದೆ. ಆದರೆ ಅದೇ ದೇಶದ 2021ರ ಗರ್ಭಪಾತ ತಿದ್ದುಪಡಿ ಕಾಯಿದೆ, ಭ್ರೂಣದಲ್ಲಿ ಗಂಭೀರ ವೈಪರೀತ್ಯವಿದೆಯೆಂದು ವೈದ್ಯಕೀಯ ಮಂಡಲಿ ತೀರ್ಮಾನಿಸಿದರೆ ಗರ್ಭಾವಧಿಯ ಯಾವ ಮಿತಿಯನ್ನೂ ಇಡುವುದಿಲ್ಲ. ಹೆಣ್ಣೆಂಬ ಕಾರಣಕ್ಕೆ ಕೊಲ್ಲಬಾರದೆಂಬ ತರ್ಕ, ಅಂಗವಿಕಲವೆಂಬ ಕಾರಣಕ್ಕೆ ಬಂದಾಗ ಏಕೆ ನಿಂತುಹೋಗುತ್ತದೆ? ಈ ಪ್ರಶ್ನೆಯನ್ನು ಸಾರ್ವಜನಿಕ ಚರ್ಚೆಯಲ್ಲಿ ಶಾಂತವಾಗಿ, ನಿರಂತರವಾಗಿ ಕೇಳುವುದು ನಮ್ಮ ಹೊಣೆ.

5. ಜೊತೆಯಲ್ಲಿ ಕುಳಿತುಕೊಳ್ಳುವುದು

ನಿರ್ದೇಶಿಸುವುದು ಅಪಾಯ, ಸುಮ್ಮನಿರುವುದು ಅಸಾಧ್ಯ ಎಂದಾದರೆ ಉಳಿಯುವುದೇನು? ಸಂತ ತೋಮಾಸ್ ಅಕ್ವಿನಾಸರ ಪ್ರಕಾರ ವಿವೇಕವೆಂಬ ಸದ್ಗುಣಕ್ಕೆ ಮೂರು ಕ್ರಿಯೆಗಳಿವೆ: ಸಮಾಲೋಚಿಸುವುದು, ತೀರ್ಮಾನಿಸುವುದು, ಕಾರ್ಯಕ್ಕೆ ಆಜ್ಞಾಪಿಸುವುದು. ಮೊದಲನೆಯದರಲ್ಲಿ ಇತರರ ನೆರವು ಬೇಕೇಬೇಕು; ಆ ಪದಕ್ಕೆ ಜೊತೆಯಲ್ಲಿ ಕುಳಿತುಕೊಳ್ಳುವುದೆಂಬ ಅರ್ಥವಿದೆಯೆಂದು ಅವರು ಲತೀನ್ ಶಬ್ದದ ಮೂಲವನ್ನೇ ಬಿಡಿಸಿ ತೋರುತ್ತಾರೆ. ಕನ್ನಡದ ‘ಸಮಾಲೋಚನೆ’ಯಲ್ಲಿಯೂ ‘ಕೂಡಿ ಆಲೋಚಿಸು’ ಎಂಬ ಧ್ವನಿಯಿದೆ. ಎರಡನೆಯ ಮತ್ತು ಮೂರನೆಯ ಕ್ರಿಯೆಗಳು ಮಾತ್ರ ಆ ವ್ಯಕ್ತಿಯ ಅಂತಃಸಾಕ್ಷಿಗೆ ಸೇರಿದವು. ಅವನ್ನು ಇನ್ನೊಬ್ಬರು ಮಾಡಿಕೊಡಲಾಗದು.

ಈ ವಿಂಗಡಣೆ ಚರ್ಚೆಯ ತೊಡಕನ್ನು ಬಿಡಿಸುತ್ತದೆ. ನಿರ್ದೇಶಕ ಸಮಾಲೋಚಕ ಮೂರನೆಯ ಕ್ರಿಯೆಯನ್ನು ಕಸಿದುಕೊಳ್ಳುತ್ತಾನೆ. ನಿರ್ದೇಶನರಹಿತ ಸಮಾಲೋಚಕ ಆ ಭಯದಿಂದ ಮೊದಲನೆಯದನ್ನೂ ಬಿಟ್ಟುಬಿಡುತ್ತಾನೆ. ಒಳಿತು ಕೆಡುಕುಗಳ ವಿಚಾರ ಮೊದಲನೆಯ ಕ್ರಿಯೆಯಲ್ಲಿಯೇ ಬರಬೇಕು. ಬಾರದಿದ್ದರೆ ತೀರ್ಮಾನಕ್ಕೆ ಬೇಕಾದ ಬೆಳಕೇ ಇರುವುದಿಲ್ಲ. ಅಂತಃಸಾಕ್ಷಿಯನ್ನು ರೂಪಿಸಲು ನಾವು ಕರೆಹೊಂದಿದ್ದೇವೆಯೇ ಹೊರತು ಅದರ ಸ್ಥಾನವನ್ನು ಆಕ್ರಮಿಸಲು ಅಲ್ಲವೆಂದು ‘ಅಮೋರಿಸ್ ಲೇತೀತಿಯಾ’ (2016) ಎಚ್ಚರಿಸುವುದೂ ಇದನ್ನೇ. ತೋಮಾಸರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪವಿತ್ರಾತ್ಮರ ವರದಾನಗಳಲ್ಲಿ ಒಂದಾದ ಸದಾಲೋಚನೆಗೆ ಪರ್ವತಪ್ರಬೋಧನೆಯ ಅಷ್ಟಭಾಗ್ಯಗಳಲ್ಲಿ ಯಾವುದು ಹೊಂದುತ್ತದೆಂದು ಕೇಳಿ, ‘ಕರುಣೆ’ ಎಂದು ಉತ್ತರಿಸುತ್ತಾರೆ. ಕರುಣೆಯಿಲ್ಲದ ಸಲಹೆ ವಾಸ್ತವದಲ್ಲಿ ಸಲಹೆಯೇ ಅಲ್ಲ. ಡೌನ್ ಸಿಂಡ್ರೋಮಿನ ಕಾರಣವಾದ ಹೆಚ್ಚುವರಿ ವರ್ಣತಂತುವಿನ ಶೋಧನೆಯನ್ನು 1959ರಲ್ಲಿ ಪ್ರಕಟಿಸಿದವರಲ್ಲಿ ಒಬ್ಬರಾದ, 2021ರಲ್ಲಿ ಪೂಜ್ಯರೆಂದು ಘೋಷಿತರಾದ ಜೆರೋಮ್ ಲೆಜೇನ್, ತಮ್ಮ ಶೋಧನೆ ಆ ಮಕ್ಕಳನ್ನೇ ಹುಡುಕಿ ತೆಗೆಯುವ ಸಾಧನವಾದುದನ್ನು ಕಂಡು ಜೀವಮಾನವಿಡೀ ಆ ಮಕ್ಕಳ ವೈದ್ಯರಾಗಿಯೇ ಉಳಿದರು. ಅವರ ವಾದಕ್ಕಿಂತ ಅವರ ಹೊರರೋಗಿ ವಿಭಾಗವೇ ಬಲವಾದ ಸಾಕ್ಷ್ಯ.

6. ನಮ್ಮ ಧರ್ಮಕೇಂದ್ರಗಳಲ್ಲಿ

ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಎ. ಎಚ್. ಬಿಟಲ್ಸ್ ಮೊದಲಾದವರು 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ನವಜಾತ ಶಿಶುಗಳನ್ನು ಅಧ್ಯಯನ ಮಾಡಿದಾಗ, ತಂದೆತಾಯಿಗಳ ಸುಮಾರು ಮೂರನೇ ಒಂದರಷ್ಟು ವಿವಾಹಗಳು ರಕ್ತಸಂಬಂಧದೊಳಗಿನವು. ಅವುಗಳಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದೇ ಹೆಚ್ಚು. ಧರ್ಮಸಭೆಯ ಕಾನೂನು ಸಂಹಿತೆಯ 1091ನೆಯ ವಿಧಿ ಪಾರ್ಶ್ವಸಂಬಂಧದ ನಾಲ್ಕನೆಯ ತಲೆಯವರೆಗೆ ವಿವಾಹಕ್ಕೆ ಅಡ್ಡಿಯನ್ನು ಹೇಳುತ್ತದೆ. ಅಣ್ಣ-ತಂಗಿಯರ ಮಕ್ಕಳದು ನಾಲ್ಕನೆಯ ತಲೆ, ಸೋದರಮಾ‍ವ-ಸೊಸೆಯದು ಮೂರನೆಯದು. ಎರಡಕ್ಕೂ ಧರ್ಮಾಧ್ಯಕ್ಷರ ವಿನಾಯಿತಿ ಸಾಧ್ಯ. ಆದ್ದರಿಂದ ವಿನಾಯಿತಿಯ ಅರ್ಜಿ ಧರ್ಮಕೇಂದ್ರದ ಗುರುವಿನ ಮೇಜಿಗೆ ಬರುತ್ತದೆ. ಅದನ್ನು ಒಂದು ನಮೂನೆಯೆಂದು ತುಂಬಿ ಕಳಿಸಿದರೆ ಸಮಾಲೋಚನೆಯ ಒಂದು ಅಪೂರ್ವ ಅವಕಾಶ ಕೈತಪ್ಪುತ್ತದೆ. ಆ ಹೊತ್ತಿನಲ್ಲಿ, ಗರ್ಭಧಾರಣೆಗೆ ಬಹಳ ಮುಂಚೆಯೇ, ಇಬ್ಬರಿಗೂ ತಜ್ಞರ ಭೇಟಿಯನ್ನು ಸೂಚಿಸಬಹುದು. ಸೂಚಿಸಬಹುದು ಮಾತ್ರ, ಕಾನೂನು ತಡೆಯದ ಎಲ್ಲರಿಗೂ ವಿವಾಹದ ಹಕ್ಕಿದೆಯೆಂದು 1058ನೆಯ ವಿಧಿ ಹೇಳುವಾಗ, ವಾಹಕರೆಂಬ ಕಾರಣಕ್ಕೆ ಯಾವ ಗುರುವೂ ಮದುವೆಯನ್ನು ತಡೆಯಲಾಗದು.

2023ರಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಇದೆ. ಜನರನ್ನು ಪರೀಕ್ಷಿಸಿ, ವಿವಾಹಕ್ಕೆ ಮುಂಚೆ ಹೋಲಿಸಿ ನೋಡಬಹುದಾದ ಕಾರ್ಡುಗಳನ್ನು ಕೊಡುವುದು ಅದರ ಕ್ರಮ. ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಸಮುದಾಯಗಳ ನಡುವೆ ಸೇವೆಯಲ್ಲಿರುವ ನಮ್ಮ ಗುರುಗಳೂ ಕನ್ಯಾಸ್ತ್ರೀಯರೂ ಒರ್ಕೊಮೆನೊಸ್ ಊರಿನ ಪಾಠವನ್ನು ತಿಳಿದಿರಲೇಬೇಕು. ಕಾರ್ಡು ಹುಡುಗಿಯ ಕೈಯಲ್ಲಿದ್ದರೆ ಅದು ಜ್ಞಾನ. ಊರವರ ಬಾಯಲ್ಲಿದ್ದರೆ ಅದು ತೀರ್ಪು. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರನ್ನೇ ಪಡೆದ ಮೂಳೆ-ಕೀಲುಗಳ ಆನುವಂಶಿಕ ಕಾಯಿಲೆ 1970ರ ದಶಕದಿಂದ ಮಲೆನಾಡಿನ ಬಡ ದಲಿತ ಕುಟುಂಬಗಳನ್ನು ಕಾಡುತ್ತಿದೆ. ತಂದೆ ಅಥವಾ ತಾಯಿಗೆ ಕಾಯಿಲೆಯಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಅಂಥ ಮನೆಗೆ ಹೋಗಿ ಶೇಕಡಾವಾರು ಲೆಕ್ಕವನ್ನಷ್ಟೇ ಒಪ್ಪಿಸಿ ಬರುವುದನ್ನು ತಟಸ್ಥತೆಯೆಂದು ಯಾರೂ ಕರೆಯಲಾರರು.

ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ ಪ್ರಶ್ನೆಯನ್ನು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯ ದಾಖಲಿಸಿದೆ: ಪಾಪ ಯಾರದು, ಇವನದೋ ಹೆತ್ತವರದೋ? ಆನುವಂಶಿಕ ರೋಗವುಳ್ಳ ಪ್ರತಿ ಮನೆಯಲ್ಲಿಯೂ ಈ ಪ್ರಶ್ನೆ ಇಂದಿಗೂ ಕೇಳಿಬರುತ್ತದೆ. ನಮ್ಮ ನಾಡಿನಲ್ಲಿ ಅದರ ಭಾರ ಬಹುಮಟ್ಟಿಗೆ ಸೊಸೆಯ ಮೇಲೆ ಬೀಳುತ್ತದೆ. ಪ್ರಭು ಆ ಪ್ರಶ್ನೆಯ ಎರಡು ಆಯ್ಕೆಗಳನ್ನೂ ತಿರಸ್ಕರಿಸಿದರು; ಹಾಗೆಂದು ಸುಮ್ಮನೆ ಉಳಿಯಲಿಲ್ಲ, ಮಣ್ಣನ್ನು ಕಲಸಿ ಅವನ ಕಣ್ಣಿಗೆ ಹಚ್ಚಿದರು. ವರ್ಟ್ಸ್ ಮತ್ತು ಫ್ಲೆಚರ್ ನಮಗೆ ತೋರಿಸಿದ ಜಗತ್ತಿನ ನಕ್ಷೆ ಅಮೂಲ್ಯವಾದುದು. ನೀತಿಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಓದಲೇಬೇಕು. ಆದರೆ ಗುರುಮಠಗಳ ಪಠ್ಯಕ್ರಮದಲ್ಲಿ ಜೈವನೀತಿಗೆ ಮೀಸಲಾದ ಗಂಟೆಗಳು ‘ಯಾವುದು ನಿಷಿದ್ಧ’ ಎಂಬುದರ ಪಟ್ಟಿಯಲ್ಲಿಯೇ ಮುಗಿದುಹೋಗುತ್ತಿದ್ದರೆ, ಬೇಡವೆಂದು ಹೇಳಲು ಬಲ್ಲ, ಜೊತೆಯಲ್ಲಿ ಕುಳಿತುಕೊಳ್ಳಲು ಅರಿಯದ ಯಾಜಕರನ್ನು ನಾವು ತಯಾರಿಸುತ್ತೇವೆ. ನಮ್ಮ ನಗರಗಳ ಕ್ರೈಸ್ತ ಆಸ್ಪತ್ರೆಗಳಲ್ಲಿ ತಳಿವಿಜ್ಞಾನ ತಜ್ಞರಿದ್ದಾರೆ. ಪ್ರತಿ ಧರ್ಮಕ್ಷೇತ್ರದ ವಿವಾಹ ಸಿದ್ಧತಾ ಶಿಬಿರದಲ್ಲಿ ಅವರಿಗೆ ಒಂದು ಗಂಟೆ ಕೊಡುವುದು ಕಷ್ಟವಲ್ಲ. ಅಂಗವೈಕಲ್ಯವುಳ್ಳ ಮಗುವನ್ನು ಬೆಳೆಸುತ್ತಿರುವ ದಂಪತಿಯನ್ನು ಅದೇ ಶಿಬಿರಕ್ಕೆ ಕರೆಸಿ, ತಜ್ಞರ ನಂತರ ಅವರಿಗೂ ಒಂದು ಗಂಟೆ ಕೊಡೋಣ. ಸಂಖ್ಯೆಯ ಎರಡೂ ಮುಖಗಳು ಆಗ ಆ ಯುವಕ ಯುವತಿಯರಿಗೆ ಕಾಣುತ್ತವೆ.